ಸ್ಕಾಲೆಲೂಯಾ: ಕಾರಿಗೆ ಸರಿ, ಭಾನುವಾರದ ಆರಾಧನೆಗೆ ಅಷ್ಟಕ್ಕಷ್ಟೆ

ಡೆಟ್ರಾಯಿಟ್‌ನ ಇನ್‌ಸೈಡರ್ಸ್ ಬ್ಯಾಂಡ್ 1998ರಲ್ಲಿ ತಂದ ಆಲ್ಬಂ ಇದು. ಚರ್ಚ್ ಸಭೆಗಳಲ್ಲಿ ಹಾಡುವ ಆರಾಧನಾ ಗೀತೆಗಳನ್ನೇ ಎತ್ತಿಕೊಂಡು ಸ್ಕಾ ಶೈಲಿಯಲ್ಲಿ ನುಡಿಸಿದ್ದಾರೆ. ನನ್ನ ಸಿಡಿಯ ಡಬ್ಬಿ ಮುರಿದು ಯಾವ ಕಾಲವಾಯಿತೋ, ಆದರೂ ಅದು ಕಾರು ಬಿಟ್ಟು ಇಳಿದಿಲ್ಲ.

ಸ್ಕಾ ಗೊತ್ತಿಲ್ಲದವರಿಗೆ ಒಂದು ಮಾತು. 1950ರ ದಶಕದ ಕೊನೆಯಲ್ಲಿ ಜಮೈಕಾದಲ್ಲಿ ಹುಟ್ಟಿದ ಸಂಗೀತ ಅದು, ಅಲ್ಲಿಯದೇ ರೆಗೆ ಸಂಗೀತಕ್ಕೂ ಮುಂಚಿನದು. ನೀವು ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಿದರೆ ಗಿಟಾರ್ ಬೀಳುವುದು ಆ ಎಣಿಕೆಯ ಮೇಲಲ್ಲ, ನಡುವಿನ ಖಾಲಿ ಜಾಗದಲ್ಲಿ. ಮೇಲಿಂದ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್. 1970ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಮತ್ತೆ ಎದ್ದಿತು, 1990ರ ದಶಕದಲ್ಲಿ ಅಮೆರಿಕದಲ್ಲಿ ಪಂಕ್ ರಾಕ್ ಜೊತೆ ಬೆರೆತು ಇನ್ನೂ ಜೋರಾಯಿತು. ಆಗಲೇ ಕ್ರೈಸ್ತ ಹುಡುಗರೂ ಇದಕ್ಕೆ ಬಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಸೂಪರ್‌ಟೋನ್ಸ್ ಬ್ಯಾಂಡ್, ಡೆನ್ವರ್‌ನಲ್ಲಿ ಫೈವ್ ಐರನ್ ಫ್ರೆಂಜಿ, ಡೆಟ್ರಾಯಿಟ್‌ನಲ್ಲಿ ಈ ಇನ್‌ಸೈಡರ್ಸ್.

ಆಲ್ಬಂನಲ್ಲಿ ನಾನು ಅತಿ ಹೆಚ್ಚು ಕೇಳಿದ್ದು 'ಆಸಮ್ ಗಾಡ್'. ಅಮೆರಿಕದ ಕ್ರೈಸ್ತ ಗಾಯಕ ರಿಚ್ ಮಲಿನ್ಸ್ 1988ರಲ್ಲಿ ಹಾಡಿದ್ದು. ಅವರು 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು, ಮರುವರ್ಷವೇ ಈ ಆಲ್ಬಂ ಬಂತು. ನಮ್ಮ ಸಭೆಗಳಲ್ಲೂ ಇದನ್ನು ಹಾಡುತ್ತೇವೆ, ಆದರೆ ಬರೀ ಪಲ್ಲವಿ. ಅದೂ ಕಣ್ಣು ಮುಚ್ಚಿ, ನಿಧಾನಕ್ಕೆ, ಮೂರು ಮೂರು ಸಲ. ಮೂಲದಲ್ಲಿ ಚರಣಗಳಿಗೆ ಬೇರೆಯದೇ ಗತ್ತು ಇದೆ, ಹಾಡುವುದಕ್ಕಿಂತ ಹೆಚ್ಚಾಗಿ ಕಥೆ ಹೇಳಿದ ಹಾಗೆ ಮಾತು ಓಡುತ್ತದೆ. ಸ್ವಲ್ಪ ಗಂಭೀರವಾದ ಮೈನರ್ ರಾಗ ಬೇರೆ. ಅಂಥ ರಾಗಕ್ಕೆ ಹಿತ್ತಾಳೆ ವಾದ್ಯ ಎಷ್ಟು ಚೆನ್ನಾಗಿ ಕೂರುತ್ತದೆ ಅಂತ ಇವರಿಂದಲೇ ಗೊತ್ತಾಗಿದ್ದು. ಭಯ ಭಕ್ತಿ ಎರಡೂ ಉಳಿದಿದೆ, ತೂಕಡಿಕೆ ಮಾತ್ರ ಹೋಗಿದೆ.

ಇನ್ನೊಂದು, ಅಮೆರಿಕದ್ದೇ ಕ್ರೈಸ್ತ ಗಾಯಕ ಕೀತ್ ಗ್ರೀನ್ ಅವರ 'ಓ ಲಾರ್ಡ್ ಯು ಆರ್ ಬ್ಯೂಟಿಫುಲ್', 1980ರದ್ದು. ಇಲ್ಲಿ ನನಗೆ ತಕರಾರಿದೆ. ಮೂಲದಲ್ಲಿ ಪಿಯಾನೋ ಮುಂದೆ ಕೂತ ಒಬ್ಬ ಮನುಷ್ಯ ತನ್ನೊಳಗೆ ಆರಿಹೋಗುತ್ತಿರುವ ಬೆಂಕಿಯನ್ನು ಮತ್ತೆ ಹೊತ್ತಿಸು ಅಂತ ದೇವರನ್ನು ಬೇಡುತ್ತಾನೆ. ಆ ಹಾಡಿನ ಜೀವ ಇರುವುದೇ ಸಾಲುಗಳ ನಡುವಿನ ನಿಶ್ಶಬ್ದದಲ್ಲಿ, ಸ್ಕಾ ಮೊದಲು ತುಂಬುವುದೇ ಆ ಜಾಗವನ್ನು, ಹಾಗಾಗಿ ಎಷ್ಟು ವರ್ಷ ಕೇಳಿದರೂ ಇದು ನನಗೆ ಪ್ರಾರ್ಥನೆ ಅನ್ನಿಸಿಲ್ಲ. ಕೇಳಲು ಚೆನ್ನಾಗಿದೆ, ಅಷ್ಟೆ. ನನ್ನ ತಂಗಿಗೆ ಮಾತ್ರ ಇದೇ ಇಷ್ಟ, ನನ್ನ ಮಾತು ಕೇಳಿ ಸುಮ್ನೆ ನಗುತ್ತಾಳೆ.

ಮನೆಗೆ ಬಂದ ಹಿರಿಯರೊಬ್ಬರು ಇದನ್ನು ಕೇಳಿ 'ದೇವರ ಹಾಡಿಗೆ ಮದುವೆ ಬ್ಯಾಂಡ್‌ಸೆಟ್ ಯಾಕಪ್ಪಾ' ಅಂದಿದ್ದರು. ಬೈಬಲ್ಲಿನ 150ನೇ ಕೀರ್ತನೆಯಲ್ಲಿ ತುತೂರಿ, ತಾಳ, ಕುಣಿತ ಎಲ್ಲಾ ಇದೆಯಲ್ವಾ! ಅವರಿಗೆ ಅದನ್ನೇ ಹೇಳಿದೆ, ಒಪ್ಪಲಿಲ್ಲ. ಆದರೆ ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಇದನ್ನು ಹಾಗೇ ತಂದು ಭಾನುವಾರ ನುಡಿಸಿದರೆ ಜನ ಹಾಡುವುದಿಲ್ಲ, ನೋಡುತ್ತಾ ನಿಲ್ಲುತ್ತಾರೆ. ಆ ವೇಗಕ್ಕೆ ಉಸಿರು ಸಾಲುವುದಿಲ್ಲ. ಯೂತ್ ಮೀಟಿಂಗ್‌ಗೆ ಬೇಕಾದರೆ ವೇಗ ಇಳಿಸಿ, ಗಿಟಾರ್ ಹಾಗೇ ಇಟ್ಟುಕೊಂಡು, ಟ್ರಂಪೆಟ್ ಬದಲು ಕೀಬೋರ್ಡ್‌ನಲ್ಲಿ ಬ್ರಾಸ್ ಟೋನ್ ಹಾಕಿ ನೋಡಿ. ಚಪ್ಪಾಳೆ ತಾನಾಗಿಯೇ ಬರುತ್ತದೆ.

ಇಡೀ ಆಲ್ಬಂ ಒಂದೇ ಕೂರಿಕೆಯಲ್ಲಿ ಕೇಳಬೇಡಿ. ಅರ್ಧ ದಾಟಿದ ಮೇಲೆ ಹಾಡುಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕೇಳುತ್ತವೆ. ಬೆಳಗಿನ ಟ್ರಾಫಿಕ್‌ನಲ್ಲಿ ಮೂರು ನಾಲ್ಕು ಹಾಡು ಸಾಕು. 1999ರಲ್ಲಿ ಇದರ ಎರಡನೇ ಭಾಗ 'ಸ್ಕಾಲೆಲೂಯಾ ಟೂ!' ಕೂಡ ಬಂದಿದೆ. ಒಂದೇ ತಗೊಳ್ಳುವುದಾದರೆ ಮೊದಲನೆಯದನ್ನೇ ತಗೊಳ್ಳಿ.