ಪುಣೆಯ ದಟ್ಟಣೆಯಲ್ಲಿ ಸರ್ವಿಸ್ ರಿಮೈಂಡರ್: ಎಂಜಿನ್ ಆಯಿಲ್ ವಿಷಯದಲ್ಲಿ ಅದನ್ನು ಎಷ್ಟು ನಂಬಬಹುದು?

ನನ್ನದು 2019ರಲ್ಲಿ ಕೊಂಡ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮನೆ ವಾಕಡ್‌ನಲ್ಲಿ, ಕೆಲಸ ಹಿಂಜವಡಿಯಲ್ಲಿ, ಊರು ಗೋಕಾಕದ ಕಡೆ. ವಾರವೆಲ್ಲ ಭೂಮ್ಕರ್ ಚೌಕದ ದಟ್ಟಣೆಯಲ್ಲಿ ತೆವಳುವ ಕಾರು ಹಬ್ಬ ಬಂದರೆ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡುತ್ತದೆ. ಇಡೀ ಕಾರಿನ ಗುಣದೋಷ ಹೇಳಲು ಇದನ್ನು ಬರೆಯುತ್ತಿಲ್ಲ. ಮೀಟರ್ ಫಲಕದಲ್ಲಿ ಮೂಡುವ ಸ್ಪ್ಯಾನರ್ ಗುರುತು, ಅಂದರೆ ಸರ್ವಿಸ್ ರಿಮೈಂಡರ್, ಅದೊಂದರ ಬಗ್ಗೆ ಮಾತ್ರ ಹೇಳುತ್ತೇನೆ. ಇಷ್ಟು ವರ್ಷಗಳಲ್ಲಿ ಅದು ಒಮ್ಮೆಯೂ ತಪ್ಪದೆ ನೆನಪಿಸಿದೆ. ಆದರೆ ಎಂಜಿನ್ ಒಳಗಿರುವ ಆಯಿಲ್ ಹೇಗಿದೆ, ಎಷ್ಟಿದೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ನಮ್ಮ ಬಹುಪಾಲು ಜನ ಅದಕ್ಕೆ ಗೊತ್ತಿದೆ ಎಂದೇ ನಂಬಿದ್ದಾರೆ. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಕಾರಿನ ರಿಮೈಂಡರ್‌ನಲ್ಲಿರುವುದು ಎರಡೇ ಲೆಕ್ಕ: ಕಳೆದ ಸಲ ರೀಸೆಟ್ ಮಾಡಿದಾಗಿನಿಂದ ಓಡಿದ ಕಿಲೋಮೀಟರ್ ಮತ್ತು ಕಳೆದ ದಿನಗಳು. 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು ಸಮೀಪಿಸಿದಾಗ ಗುರುತು ಬೆಳಗುತ್ತದೆ. ಆಯಿಲ್ ಹೊಸದೋ ಹಳೆಯದೋ ಎಂದು ನೋಡುವ ಯಾವ ಸಂವೇದಕವೂ ಇದರ ಹಿಂದಿಲ್ಲ. ಇಂದಿಗೂ ಸಾಮಾನ್ಯ ಬೆಲೆಯ ಎಷ್ಟೋ ಕಾರುಗಳಲ್ಲಿ ಇರುವುದು ಇದೇ ವ್ಯವಸ್ಥೆ.

ಈ ಲೆಕ್ಕ ಹೆದ್ದಾರಿಗೆ ಸರಿಹೊಂದುತ್ತದೆ, ಪುಣೆಯ ಒಳಗೆ ಹೊಂದುವುದಿಲ್ಲ. ಗಂಟೆಗೆ ಸರಾಸರಿ 60 ಕಿ.ಮೀ. ವೇಗದಲ್ಲಿ 10,000 ಕಿ.ಮೀ. ಮುಗಿಸಲು ಎಂಜಿನ್ ಸುಮಾರು 167 ಗಂಟೆ ತಿರುಗಿದರೆ ಸಾಕು. ಸರಾಸರಿ 15ಕ್ಕೆ ಇಳಿದರೆ ಅಷ್ಟೇ ದೂರಕ್ಕೆ 667 ಗಂಟೆ ಬೇಕು. ಒಡೋಮೀಟರ್‌ನಲ್ಲಿ ಕಾಣುವ ಅಂಕಿ ಒಂದೇ, ಆಯಿಲ್ ದುಡಿದ ಹೊತ್ತು ನಾಲ್ಕು ಪಟ್ಟು. ಸಿಗ್ನಲ್‌ನಲ್ಲಿ ನಿಂತ ಕಾರು ಒಂದು ಮೀಟರ್ ಕೂಡ ಮುಂದೆ ಹೋಗುವುದಿಲ್ಲ, ಆಯಿಲ್ ಮಾತ್ರ ಒಳಗೆ ಸುತ್ತುತ್ತಲೇ ಇರುತ್ತದೆ. ಇದಕ್ಕಿಂತ ಕೆಟ್ಟದ್ದು ಅರ್ಧ ದಾರಿಗೇ ಮುಗಿಯುವ ಸಣ್ಣ ಓಡಾಟ. ಆಯಿಲ್ ಪೂರ್ತಿ ಬಿಸಿಯಾಗುವ ಮೊದಲೇ ಎಂಜಿನ್ ಆರಿಸಿದರೆ, ಅದರೊಳಗೆ ಸೇರಿದ ತೇವವೂ ಸುಡದೆ ಉಳಿದ ಪೆಟ್ರೋಲೂ ಆವಿಯಾಗಿ ಹೊರಹೋಗಲು ಅವಕಾಶವೇ ಸಿಗುವುದಿಲ್ಲ. ಆಯಿಲ್ ತೆಳುವಾಗುತ್ತದೆ, ಆಮ್ಲೀಯತೆ ಏರುತ್ತದೆ, ಕ್ರಮೇಣ ಕೆಸರು ಕಟ್ಟುತ್ತದೆ. ಪುಣೆಯ ಮಳೆಗಾಲದಲ್ಲಿ ಆಯಿಲ್ ತುಂಬುವ ಮುಚ್ಚಳ ತೆಗೆದರೆ ಒಳಬದಿಗೆ ಕೆನೆಯಂಥ ನೊರೆ ಅಂಟಿರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಊರಿಗೆ ಹೋಗಿ ಬಂದರೆ ಅದು ಮಾಯವಾಗಿರುತ್ತದೆ. ಮಾಯವಾಗದಿದ್ದರೆ, ಜೊತೆಗೆ ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಕೂಡ ಕಡಿಮೆಯಾಗುತ್ತಿದ್ದರೆ, ಅದು ಬೇರೆ ತೊಂದರೆ, ತಡಮಾಡದೆ ತೋರಿಸಬೇಕು.

ಕಾರಿನ ಜೊತೆ ಕೊಡುವ ಕೈಪಿಡಿಯಲ್ಲಿ ಇದೆಲ್ಲಕ್ಕೂ ಉತ್ತರವಿದೆ. ನನ್ನ ಕಾರಿನದರಲ್ಲಿ ಕಠಿಣ ಬಳಕೆಗೆ ಪ್ರತ್ಯೇಕ ಪಟ್ಟಿಯೇ ಇದೆ: ಧೂಳು, ಸಣ್ಣ ಓಡಾಟ, ನಿಂತು ನಿಂತು ಸಾಗುವ ದಟ್ಟಣೆ ಇದ್ದರೆ 5,000 ಕಿ.ಮೀ. ಅಥವಾ 6 ತಿಂಗಳಿಗೆ ಆಯಿಲ್ ಬದಲಿಸಿ ಎನ್ನುತ್ತದೆ. ವಾಕಡ್–ಹಿಂಜವಡಿ ರಸ್ತೆಗೆ ಈ ಮೂರೂ ಅನ್ವಯಿಸುತ್ತವೆ. ಹಾಗಿದ್ದೂ ಫಲಕದ ರಿಮೈಂಡರ್ ಬರುವುದು 10,000ಕ್ಕೇ ಹೊಂದಿಸಿಕೊಂಡು.

ರಿಮೈಂಡರ್‌ನ ಮಿತಿ ಎಷ್ಟು ಅಪಾಯಕಾರಿ ಎಂಬುದು ಅರಿವಾದದ್ದು ನಮ್ಮ ಕಟ್ಟಡದಲ್ಲಿರುವ ಧಾರವಾಡದ ಕಾಕಾ ಅವರ ಕಾರಿನಿಂದ. ಸರ್ವಿಸ್ ಮುಗಿಸಿಕೊಂಡು ಊರಿಗೆ ಹೊರಟಿದ್ದರು. ಖಂಬಾಟಕಿ ಘಾಟ್ ಏರುವಾಗ ತಿರುವು ತಿರುವಿಗೂ ಎಣ್ಣೆ ಹೂಜಿಯಂಥ ಕೆಂಪು ಗುರುತು ಮಿನುಗತೊಡಗಿತು. ಕರೆ ಮಾಡಿ, "ತಮ್ಮಾ, ಸರ್ವಿಸ್ ಮಾಡಿಸಿ ಹದಿನೈದು ದಿನವೂ ಆಗಿಲ್ಲ. ಮುಂದಿನ ಸರ್ವಿಸ್‌ಗೆ ಇನ್ನೂ ಒಂಬತ್ತು ಸಾವಿರ ಚಿಲ್ಲರೆ ಕಿಲೋಮೀಟರ್ ಬಾಕಿ ಎಂದು ಇಲ್ಲೇ ತೋರಿಸುತ್ತಿದೆ. ಸಾತಾರಾದವರೆಗೆ ಹೋಗಿ ತೋರಿಸಲೇ?" ಎಂದು ಕೇಳಿದರು. ಮೊದಲು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ ಎಂದೆ. ಟೋ ಮಾಡಿಸಿ ಕೆಳಗಿಳಿಸಿ ನೋಡಿದರೆ ಹಳೆಯ ಆಯಿಲ್ ಹೊರಬಿಡಲು ಬಿಚ್ಚುವ ಡ್ರೈನ್ ಬೋಲ್ಟ್‌ಗೆ ಹಳೆಯ ವಾಷರ್ ಹಾಗೆಯೇ ಇತ್ತು, ಬೋಲ್ಟ್ ಕೂಡ ಸಡಿಲ. ಆಯಿಲ್ ಹನಿ ಹನಿಯಾಗಿ ಸೋರಿಹೋಗಿತ್ತು. ಆಯಿಲ್ ಮಟ್ಟ ನೋಡುವ ಕಡ್ಡಿಯ, ಅಂದರೆ ಡಿಪ್‌ಸ್ಟಿಕ್‌ನ, ತುದಿಗೆ ಮಾತ್ರ ಒಂದಿಷ್ಟು ಅಂಟಿತ್ತು.

ಕೆಂಪು ಗುರುತು ಆಯಿಲ್ ಒತ್ತಡದ್ದು. ಓಡುವಾಗ ಅದು ಬೆಳಗಿದರೆ ಮುಂದಿನ ಗ್ಯಾರೇಜ್ ಹುಡುಕಬಾರದು, ನಿಂತಲ್ಲೇ ಎಂಜಿನ್ ಆರಿಸಬೇಕು. ಸ್ಪ್ಯಾನರ್ ಗುರುತಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಎಂಜಿನ್ ಒಣಗುತ್ತಿದ್ದ ಅದೇ ಹೊತ್ತಿನಲ್ಲಿ ರಿಮೈಂಡರ್ ಒಂಬತ್ತು ಸಾವಿರದ ಭರವಸೆ ಕೊಡುತ್ತಿತ್ತು. ಆ ಭರವಸೆಯಿಂದಲೇ ಕಾಕಾ ಕೆಂಪು ಗುರುತನ್ನು ಹಗುರವಾಗಿ ಕಂಡರು. ಅವರ ಎಂಜಿನ್ ಉಳಿಯಿತು. ಇನ್ನೂ ಹತ್ತು ನಿಮಿಷ ಓಡಿಸಿದ್ದರೆ ಉಳಿಯುತ್ತಿರಲಿಲ್ಲ ಎಂದು ಬಿಚ್ಚಿ ನೋಡಿದ ಮೆಕ್ಯಾನಿಕ್ ಹೇಳಿದರು.

ಆದ್ದರಿಂದ ಡಿಪ್‌ಸ್ಟಿಕ್ ನೋಡುವುದನ್ನು ಬಿಡಬೇಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು ಕಡ್ಡಿ ಎಳೆಯಿರಿ. ನೂಲು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಇಳಿಸಿ ಮತ್ತೆ ಎಳೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತು ದಾಟಿದ್ದರೂ ತೊಂದರೆಯೇ. ಬಣ್ಣ ಕಪ್ಪಾಗಿದೆ ಎಂಬ ಒಂದೇ ಕಾರಣಕ್ಕೆ ಗಾಬರಿ ಬೇಡ. ಮಸಿಯನ್ನು ತನ್ನಲ್ಲೇ ತೇಲಿಸಿಟ್ಟುಕೊಳ್ಳುವುದು ಆಯಿಲ್‌ನ ಕೆಲಸಗಳಲ್ಲಿ ಒಂದು. ಬೆರಳಿಗೆ ಹಚ್ಚಿ ಮೂಸಿದಾಗ ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ನಿಗದಿತ ದಿನಕ್ಕೆ ಕಾಯದೆ ಮೊದಲೇ ಬದಲಿಸಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6, ಅಂದರೆ ಹೊಗೆ ಮಾಲಿನ್ಯದ ಹೊಸ ನಿಯಮಕ್ಕೆ ಹೊಂದುವ, ಡೀಸೆಲ್ ಕಾರು ಇರುವವರಂತೂ ಇದನ್ನು ಇನ್ನಷ್ಟು ಗಮನಿಸಬೇಕು. ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ಸುಟ್ಟು ಶುಚಿ ಮಾಡಿಕೊಳ್ಳುವಾಗ ಹೆಚ್ಚುವರಿ ಡೀಸೆಲ್ ಸಿಂಪಡಿಸುವ ಎಂಜಿನ್‌ಗಳಲ್ಲಿ, ಅದರ ಸ್ವಲ್ಪ ಭಾಗ ಸಿಲಿಂಡರ್ ಗೋಡೆಯಿಂದಿಳಿದು ಆಯಿಲ್ ಸೇರುತ್ತದೆ. ನಗರದೊಳಗೆ ಈ ಶುದ್ಧಿ ಅರ್ಧಕ್ಕೇ ನಿಲ್ಲುತ್ತಾ ಹೋದರೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುವುದು ಕಾಣಿಸುತ್ತದೆ. ಆಯಿಲ್ ಸಾಕಷ್ಟಿದೆ ಎಂದು ಸಮಾಧಾನಪಡಬೇಡಿ, ಅದು ಡೀಸೆಲ್ ಬೆರೆತ ಆಯಿಲ್.

ಬುದ್ಧಿವಂತ ರಿಮೈಂಡರ್‌ಗಳೂ ಇವೆ. ಜನರಲ್ ಮೋಟರ್ಸ್ ಸಂಸ್ಥೆ 1980ರ ದಶಕದ ಕೊನೆಯಲ್ಲೇ ಎಂಜಿನ್ ಸುತ್ತುಗಳನ್ನೂ ತಾಪಮಾನವನ್ನೂ ಲೆಕ್ಕಹಾಕಿ ಆಯಿಲ್ ಆಯುಷ್ಯ ಅಂದಾಜಿಸುವ ವ್ಯವಸ್ಥೆ ತಂದಿತ್ತು. ಹೊರದೇಶಗಳ ಹೋಂಡಾ ಕಾರುಗಳಲ್ಲಿ ಈ ಆಯುಷ್ಯ ಶೇಕಡಾವಾರು ಕಾಣುತ್ತದೆ, 15ಕ್ಕೆ ಇಳಿದಾಗ ಮೊದಲ ಎಚ್ಚರಿಕೆ ಬರುತ್ತದೆ. ಪುಣೆಯಂಥ ಊರಿಗೆ ಬೇಕಾದದ್ದು ಇಂಥದ್ದೇ. ಆದರೂ ಅದು ಗಣಿತದ ಅಂದಾಜು. ಆಯಿಲ್ ಸೋರಿದ್ದನ್ನಾಗಲಿ, ಯಾರೋ ಕಳಪೆ ಆಯಿಲ್ ಸುರಿದದ್ದನ್ನಾಗಲಿ ಆ ಲೆಕ್ಕ ಹೇಳಲಾರದು.

ಮೊಬೈಲ್‌ಗೆ ಬರುವ ಸರ್ವಿಸ್ ಸಂದೇಶಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಕಳೆದ ಭೇಟಿಯ ದಿನಾಂಕ ಹಿಡಿದು ಬರುತ್ತವೆ, ಫಲಕದ ಅಂಕಿಗೂ ಅವಕ್ಕೂ ತಾಳೆಯಾಗುವುದು ಅಪರೂಪ.

ರೀಸೆಟ್ ಬಗ್ಗೆ ಮಾತ್ರ ಹೇಳಲೇಬೇಕು. ಅದು ಮೆನುವಿನಲ್ಲಿ ಗುಂಡಿ ಒತ್ತಿ ಮಾಡುವ ಕೆಲಸ. ಆಯಿಲ್ ಬದಲಿಸದೆಯೂ ರೀಸೆಟ್ ಮಾಡಬಹುದು, ಬದಲಿಸಿಯೂ ರೀಸೆಟ್ ಮರೆಯಬಹುದು. ಒಂದು ವರ್ಕ್‌ಶಾಪ್‌ನಲ್ಲಿ ಗುರುತು ಆರಿಸಿ ಕಾರು ಕೊಟ್ಟರು. ಮಾಡಿದ ಕೆಲಸಗಳನ್ನು ಬರೆಯುವ ಜಾಬ್ ಕಾರ್ಡ್ ನೋಡಿದರೆ ಆಯಿಲ್ ಫಿಲ್ಟರ್ ಹೆಸರೇ ಇರಲಿಲ್ಲ. ಕೇಳಿದ ಮೇಲೆ ಕಾರನ್ನು ಮತ್ತೆ ಒಳಗೆ ತೆಗೆದುಕೊಂಡರು. ಗುರುತು ಆರಿದೆ ಎಂದರೆ ಕೆಲಸ ಆಗಿದೆ ಎಂದಲ್ಲ ಎಂಬುದನ್ನು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಕಾರು ತಯಾರಕರಲ್ಲಿ ನನ್ನದೊಂದು ನೇರ ಬೇಡಿಕೆ ಇದೆ. ನಮ್ಮೂರಿನ ಕಬ್ಬಿನ ಗದ್ದೆಗಳಲ್ಲಿ ದುಡಿಯುವ ಟ್ರ್ಯಾಕ್ಟರ್‌ಗಳಿಗೆ ಗಂಟೆ ಮೀಟರ್ ಇದೆ. ರೈತರು ಆಯಿಲ್ ಬದಲಿಸುವುದು ಗಂಟೆಗಳ ಲೆಕ್ಕದಲ್ಲಿ. ಎಂಜಿನ್ ಎಷ್ಟು ಹೊತ್ತು ತಿರುಗಿತು ಎಂಬ ಅಂಕಿಯನ್ನು ಕಾರಿನ ಫಲಕದಲ್ಲೂ ಕೊಡಿ. ಅದು ಬರುವವರೆಗೆ ನಾನು ಬೇಕೆಂದಾಗ ಸೊನ್ನೆಗೆ ತಂದು ದೂರ ಅಳೆಯಬಹುದಾದ ಟ್ರಿಪ್ ಬಿ ಮೀಟರ್ ಅನ್ನು ಆಯಿಲ್‌ಗೆಂದೇ ಮೀಸಲಿಟ್ಟು, 5,000ಕ್ಕೆ ಅಥವಾ ಆರು ತಿಂಗಳಿಗೆ ಬದಲಿಸುತ್ತಿದ್ದೇನೆ. ಖರ್ಚು ಹೆಚ್ಚು, ನಿಜ. ವಾರಕ್ಕೆರಡು ಬಾರಿ ಕೊಲ್ಲಾಪುರಕ್ಕೆ ಹೋಗಿಬರುವವರಿಗೆ ಇದರ ಅಗತ್ಯವಿಲ್ಲ, ಅವರಿಗೆ ಫಲಕದ ರಿಮೈಂಡರ್ ಸಾಕು.

ಈ ರಿಮೈಂಡರ್‌ಗೆ ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಸರ್ವಿಸ್ ಮುಗಿಸಿ ಕೀಲಿ ಪಡೆಯುವ ಮುನ್ನ ಮೂರನ್ನು ನಿಮ್ಮ ಕಣ್ಣೆದುರೇ ಮಾಡಿಸಿಕೊಳ್ಳಿ: ಬಿಲ್‌ನಲ್ಲಿ ಆಯಿಲ್ ದರ್ಜೆ, ಫಿಲ್ಟರ್ ಮತ್ತು ಡ್ರೈನ್ ವಾಷರ್ ನಮೂದಾಗಿರಲಿ, ಡಿಪ್‌ಸ್ಟಿಕ್ ಎಳೆದು ತೋರಿಸಲಿ, ಆಮೇಲೆಯೇ ರೀಸೆಟ್ ಒತ್ತಲಿ.