ಕ್ಯಾಮೆರಾದವರ ಗುಂಡುನಿರೋಧಕ ವೆಸ್ಟ್: ಎದೆಗೆ ಸರಿ, ತೊಡೆಗೆ?

ಯುದ್ಧ ನಡೆಯುವಲ್ಲಿಗೆ ಸಾಕ್ಷ್ಯಚಿತ್ರ ತೆಗೆಯಲು ಹೊರಟವರಿಗೆ ‘ಪ್ರೆಸ್ ಕಿಟ್’ ಎಂದು ಮಾರುವ, ಬಾಡಿಗೆಗೂ ಕೊಡುವ ಸೆಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ನೀಲಿ ವೆಸ್ಟ್, ಅದರೊಳಗೆ ಅರಾಮಿಡ್ (ಕೆವ್ಲರ್‌ನಂಥ ಗಟ್ಟಿ) ನೂಲಿನ ಮೆತ್ತನೆ ಪದರ, ಎದೆಗೂ ಬೆನ್ನಿಗೂ ಒಂದೊಂದು ಗಟ್ಟಿ ಪ್ಲೇಟ್, ಒಂದು ಹೆಲ್ಮೆಟ್. ಒಟ್ಟು ಹತ್ತು ಕೆಜಿ ಆಸುಪಾಸು. ಎದೆಯ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. 2022ರ ಫೆಬ್ರುವರಿಯಲ್ಲಿ ಕೀವ್ ಹತ್ತಿರ ಸ್ಕೈ ನ್ಯೂಸ್ ತಂಡದ ಕಾರಿನ ಮೇಲೆ ಗುಂಡು ಸುರಿದಾಗ ಎರಡು ಗುಂಡು ಕ್ಯಾಮೆರಾಮನ್‌ನ ವೆಸ್ಟ್‌ಗೆ ಬಿದ್ದವು, ಆತ ಬದುಕಿದರು. ನಮ್ಮ ತಕರಾರು ಉಳಿದದ್ದರ ಬಗ್ಗೆ.

ಮೊದಲು ಲೇಬಲ್ ಓದಿ. ಅಮೆರಿಕದ ನ್ಯಾಯ ಇಲಾಖೆಯ ಸಂಸ್ಥೆಯಾದ ಎನ್‌ಐಜೆಯ ಮಾನದಂಡದಲ್ಲಿ 3ಎ ದರ್ಜೆ ಪಿಸ್ತೂಲಿನ ಗುಂಡಿಗೆ; ಎಕೆ-47ರ ಗುಂಡು ಅದನ್ನು ತೂರಿಕೊಂಡು ಹೋಗುತ್ತದೆ. ಬರೀ ‘ಬುಲೆಟ್ ಪ್ರೂಫ್’ ಎಂದು ಬರೆದು ದರ್ಜೆ ಹೇಳದ ಮಾಲನ್ನು ಮುಟ್ಟಬೇಡಿ. ರೈಫಲ್ ಗುಂಡಿಗೆ 3 ಅಥವಾ 4ನೇ ದರ್ಜೆಯ ಪ್ಲೇಟೇ ಬೇಕು. (2023ರ ಹೊಸ ಮಾನದಂಡದಲ್ಲಿ ಇವಕ್ಕೆ ಆರ್‌ಎಫ್1, ಆರ್‌ಎಫ್3 ಎಂದು ಹೆಸರು.) ಪಾಲಿಎಥಿಲೀನ್ ಪ್ಲೇಟ್ ಒಂದೂವರೆ ಕೆಜಿಯಷ್ಟೇ, ಆದರೆ ಉಕ್ಕಿನ ತಿರುಳಿನ ಗುಂಡಿನೆದುರು ನೆಚ್ಚುವಂತಿಲ್ಲ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಇಡುವಂತಿಲ್ಲ. ಸೆರಾಮಿಕ್ ಪ್ಲೇಟ್ ಮೂರು ಕೆಜಿ ತೂಗುತ್ತದೆ. ಕೈಜಾರಿ ಕಾಂಕ್ರೀಟ್ ಮೇಲೆ ಬಿದ್ದರೆ ಹೊರಗಿನ ಬಟ್ಟೆ ನೆಟ್ಟಗಿದ್ದೂ ಒಳಗೆ ಬಿರುಕು ಬಿಟ್ಟಿರಬಹುದು. ಬಾಡಿಗೆ ಮಾಲಿನಲ್ಲಿ ಹೆದರಬೇಕಾದದ್ದು ಇದಕ್ಕೇ. ಎಕ್ಸ್‌ರೇ ತೆಗೆಸಿದ ದಾಖಲೆ ಕೇಳಿ. ಪ್ಲೇಟಿನ ಬೆನ್ನಿಗೆ ‘ಐಸಿಡಬ್ಲ್ಯು’ ಎಂದು ಅಚ್ಚಾಗಿದ್ದರೆ ಹಿಂದೆ ಮೆತ್ತನೆ ಪದರ ಇದ್ದರೆ ಮಾತ್ರ ಅದರ ದರ್ಜೆ ನಿಜ. ಸೆಖೆಯೆಂದು ಪದರ ತೆಗೆದಿಟ್ಟು ಪ್ಲೇಟಷ್ಟನ್ನೇ ತೊಡುವವರು ಇದನ್ನು ಮರೆಯುತ್ತಾರೆ.

ಪ್ಲೇಟಿನ ಮೇಲಂಚು ಗಂಟಲ ಕೆಳಗಿನ ಗುಳಿಗೆ ಸಮನಾಗಿರಬೇಕು. ಹೊಟ್ಟೆ ಮುಚ್ಚಲೆಂದು ಇಳಿಬಿಟ್ಟರೆ ಹೃದಯದ ಮೇಲಿನ ದೊಡ್ಡ ರಕ್ತನಾಳಗಳು ಬಯಲಾಗುತ್ತವೆ.

ವಿನ್ಯಾಸ ಮಾಡಿದವರು ಭುಜದ ಮೇಲೆ ಕ್ಯಾಮೆರಾ ಹೊತ್ತಂತಿಲ್ಲ. ದಪ್ಪ ಭುಜಪಟ್ಟಿಯ ಮೇಲೆ ಕ್ಯಾಮೆರಾ ಕೂರುವುದಿಲ್ಲ, ಹೊರಕ್ಕೆ ಜಾರುತ್ತದೆ. ಮಂಡಿಯೂರಿದರೆ ಬೆಲ್ಟು ವೆಸ್ಟನ್ನು ಮೇಲಕ್ಕೆ ತಳ್ಳಿ ಪ್ಲೇಟು ಗಂಟಲಿಗೆ ಒತ್ತುತ್ತದೆ. ಹೆಲ್ಮೆಟ್ಟಿನ ಮುಂದಂಚು ವ್ಯೂಫೈಂಡರ್‌ಗೆ ತಾಗುವುದರಿಂದ ಅದನ್ನು ಹಿಂದಕ್ಕೆ ಸರಿಸಿಕೊಳ್ಳುವುದೇ ರೂಢಿಯಾಗುತ್ತದೆ, ಹಣೆ ಬಯಲಾಗುತ್ತದೆ. ಮಡಚುವ ಪರದೆ ನೋಡಿ ಶೂಟ್ ಮಾಡುವುದೇ ವಾಸಿ. ಸೌಂಡ್‌ನವರು ಕಿವಿಯ ಮೇಲೆ ಕತ್ತರಿಸಿದ ಹೆಲ್ಮೆಟ್ ಕೇಳಿ ಪಡೆಯಲಿ, ಹೆಡ್‌ಫೋನ್ ಸಲೀಸಾಗಿ ಕೂರುತ್ತದೆ. ಬದಲಿಗೆ ಕಿವಿಯ ಸುತ್ತಲಿನ ಕಾಪು ಹೋಗುತ್ತದೆ.

‘ಪ್ರೆಸ್’ ಎಂಬ ಅಕ್ಷರ ವೆಲ್ಕ್ರೋದಲ್ಲಿರಲಿ, ಬೇಕಾದಾಗ ಕಿತ್ತುಹಾಕಲು. ಅದನ್ನೇ ರಕ್ಷೆಯೆಂದು ನಂಬುವಂತಿಲ್ಲ. 2003ರ ಮೇ 2ರಂದು ಗಾಜಾ ಪಟ್ಟಿಯ ರಫಾದಲ್ಲಿ ಸಾಕ್ಷ್ಯಚಿತ್ರಕಾರ ಜೇಮ್ಸ್ ಮಿಲ್ಲರ್ ತಂಡ ಬಿಳಿ ಬಾವುಟ ಹಿಡಿದಿತ್ತು, ಹೆಲ್ಮೆಟ್ಟು ವೆಸ್ಟುಗಳ ಮೇಲೆ ‘ಟಿವಿ’ ಎಂದಿತ್ತು. ಇಸ್ರೇಲಿ ಸೈನಿಕನ ಗುಂಡು ಮಿಲ್ಲರ್ ಕುತ್ತಿಗೆಗೆ ಬಿತ್ತು.

ಇನ್ನು ಕಿಟ್‌ನಲ್ಲಿ ಇಲ್ಲದ್ದು. 2011ರ ಏಪ್ರಿಲ್ 20ರಂದು ಲಿಬಿಯಾದ ಮಿಸ್ರಾತಾದಲ್ಲಿ ಛಾಯಾಗ್ರಾಹಕ, ಸಾಕ್ಷ್ಯಚಿತ್ರಕಾರ ಟಿಮ್ ಹೆದರಿಂಗ್ಟನ್ ಸತ್ತದ್ದು ತೊಡೆಸಂದಿಗೆ ಹೊಕ್ಕ ಸಿಡಿಚೂರಿನಿಂದ, ರಕ್ತ ಸೋರಿ. ಎದೆಯ ಪ್ಲೇಟು ಆ ಜಾಗ ತಲುಪುವುದಿಲ್ಲ. ಅವರ ಗೆಳೆಯ ಸೆಬಾಸ್ಟಿಯನ್ ಯುಂಗರ್ ಇದಾದ ಮೇಲೆಯೇ ಪತ್ರಕರ್ತರಿಗೆ ರಕ್ತ ನಿಲ್ಲಿಸುವುದನ್ನು ಕಲಿಸುವ ‘ರಿಸ್ಕ್’ ಸಂಸ್ಥೆ ಕಟ್ಟಿದರು.

ಆದ್ದರಿಂದ ಬೇರೆಯಾಗಿ ಕೊಳ್ಳಬೇಕಾದದ್ದು: ತಲಾ ಎರಡು ಟೂರ್ನಿಕೆಟ್ (ಕೋಲು ತಿರುಗಿಸಿ ಬಿಗಿದು ರಕ್ತ ನಿಲ್ಲಿಸುವ ಪಟ್ಟಿ), ರಕ್ತ ಹೆಪ್ಪುಗಟ್ಟಿಸುವ ಗಾಜ್ ಬಟ್ಟೆ, ಎದೆಯ ಗಾಯ ಮುಚ್ಚುವ ಅಂಟುಪಟ್ಟಿ. ಟೂರ್ನಿಕೆಟ್ ಕೈಕಾಲಿಗೆ ಮಾತ್ರ: ಗಾಯದಿಂದ 5-7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲಲ್ಲ, ರಕ್ತ ನಿಲ್ಲುವವರೆಗೆ ಕೋಲು ತಿರುಗಿಸಿ, ಕಟ್ಟಿದ ಹೊತ್ತು ಬರೆದಿಡಬೇಕು. ನೋವಿಗೆ ಚೀರುತ್ತಾರೆಂದು ಸಡಿಲಿಸಬಾರದು. ತೊಡೆಸಂದಿಗೆ ಅದು ಏರುವುದಿಲ್ಲ. ಅಲ್ಲಿ ಗಾಯದೊಳಕ್ಕೆ ಗಾಜ್ ತುರುಕಿ ಕನಿಷ್ಠ ಮೂರು ನಿಮಿಷ ಮೈಭಾರ ಹಾಕಿ ಒತ್ತುವುದೊಂದೇ ದಾರಿ. ಅಗ್ಗದ ನಕಲಿ ಟೂರ್ನಿಕೆಟ್‌ಗಳ ಕೋಲು ತಿರುಗಿಸುವಾಗಲೇ ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ಅಸಲಿಯನ್ನೂ ತಿಂಗಳುಗಟ್ಟಲೆ ವೆಸ್ಟಿನ ಹೊರಗೆ ಬಿಸಿಲಿಗೆ ನೇತುಹಾಕಿದರೆ ಪ್ಲಾಸ್ಟಿಕ್ ಜೀರ್ಣವಾಗುತ್ತದೆ. ಮುಚ್ಚಳವಿರುವ ಚೀಲದಲ್ಲಿ, ಯಾವ ಕೈಗಾದರೂ ಎಟಕುವಂತೆ ಸೊಂಟದ ನಡುಮಧ್ಯೆ ಇಟ್ಟುಕೊಳ್ಳಿ.