ಈಕ್ವಿನಾಕ್ಸ್ 800ಕ್ಕೆ ಮೂರು ಕಾಯಿಲ್: ಯಾವ ನೆಲಕ್ಕೆ ಯಾವುದು, ಸೆಟ್ಟಿಂಗ್ ಎಷ್ಟಿಡಬೇಕು

ಮೈನ್‌ಲ್ಯಾಬ್ ಕಂಪನಿಯ ಮೆಟಲ್ ಡಿಟೆಕ್ಟರ್ (ನೆಲದೊಳಗಿನ ಲೋಹ ಹುಡುಕೋ ಮಷಿನ್) ಈಕ್ವಿನಾಕ್ಸ್ 800 ಬಂದಿದ್ದು 2018ರಲ್ಲಿ, ಆಮೇಲೆ ಅದೇ ಸಾಲಲ್ಲಿ 700, 900 ಅಂತ ಹೊಸದೂ ಬಂತು, ಆದ್ರೂ ನಾನು ಹಳೇದನ್ನೇ ಇಟ್ಕೊಂಡಿದ್ದೀನಿ. ಮಷಿನ್ ಬಗ್ಗೆ ಬೇಕಾದಷ್ಟು ಜನ ಬರೆದಾಗಿದೆ, ನಾನು ಕಾಯಿಲ್ (ಕೋಲಿನ ತುದಿಯಲ್ಲಿ ನೆಲದ ಮೇಲೆ ಬೀಸೋ ತಟ್ಟೆ) ಮತ್ತೆ ಸೆಟ್ಟಿಂಗ್ ಬಗ್ಗೆ ಮಾತ್ರ ಹೇಳ್ತೀನಿ. ಮೂರು ಕಾಯಿಲ್ ಅಂದ್ರೆ 6 ಇಂಚು, 11 ಇಂಚು, 15x12 ಇಂಚು. ಹೊಸಬ್ರೆಲ್ಲ ಮೊದ್ಲು ಕೇಳೋದು "ದೊಡ್ಡ ಕಾಯಿಲ್ ಹಾಕಿದ್ರೆ ಎಷ್ಟು ಆಳ ಹೋಗುತ್ತೆ" ಅಂತ. ಅದಕ್ಕಿಂತ ಮುಂಚೆ ನೀವು ಓಡಾಡೋ ನೆಲದಲ್ಲಿ ಕಸ ಎಷ್ಟಿದೆ ನೋಡ್ಕೊಳ್ಳಿ, ಕಾಯಿಲ್ ಯಾವುದು ಅನ್ನೋದು ಅಲ್ಲೇ ತೀರ್ಮಾನ ಆಗೋಗುತ್ತೆ.

ಆಳದ ಲೆಕ್ಕ ನೋಡಿ. ಕಾಯಿಲ್ ಕಳಿಸೋ ಕಾಂತಕ್ಷೇತ್ರ ದೂರದ ಘನದ ಲೆಕ್ಕದಲ್ಲಿ ಇಳಿಯುತ್ತೆ, ನಾಣ್ಯದಿಂದ ವಾಪಸ್ ಬರೋ ಸಿಗ್ನಲ್ಲೂ ಹಾಗೇ ಇಳಿಯುತ್ತೆ, ಎರಡೂ ಸೇರಿ ಆರನೇ ಘಾತ ಆಯ್ತು. ಕಾಯಿಲ್ ಅಳತೆ ದಾಟಿದ ಮೇಲೆ ಆಳ ಡಬಲ್ ಆದ್ರೆ ಸಿಗ್ನಲ್ ಹೆಚ್ಚುಕಮ್ಮಿ 64ರಲ್ಲಿ ಒಂದು ಪಾಲು ಉಳಿಯುತ್ತೆ ಅಷ್ಟೇ. ಹಾಗಾಗಿ 11 ಇಂಚಿಂದ 15x12ಕ್ಕೆ ಹೋದ್ರೆ ಚಿಕ್ಕ ನಾಣ್ಯಕ್ಕೆ ಸಿಗೋ ಲಾಭ ಸ್ವಲ್ಪನೇ, ಅದ್ರ ಮೇಲೆ ದೊಡ್ಡ ಕಾಯಿಲ್ ನೆಲದ ಕಬ್ಬಿಣದ ಅಂಶನೂ ಜಾಸ್ತಿ ನೋಡುತ್ತೆ, ಖನಿಜ ಜಾಸ್ತಿ ಇರೋ ಕೆಂಪು ಮಣ್ಣಲ್ಲಿ ಆ ಸ್ವಲ್ಪ ಲಾಭನೂ ಕರಗೋಗುತ್ತೆ. ದೊಡ್ಡ ವಸ್ತು ಆಳದಲ್ಲಿದ್ರೆ ಮಾತ್ರ ವ್ಯತ್ಯಾಸ ಚೆನ್ನಾಗಿ ಗೊತ್ತಾಗೋದು.

ಈ ಮೂರೂ ಕಾಯಿಲ್ ಡಬಲ್-ಡಿ, ಅಂದ್ರೆ ಒಳಗೆ D ಆಕಾರದ ಎರಡು ತಂತಿ ಸುರುಳಿ ಬೆನ್ನಿಗೆ ಬೆನ್ನು ಕೊಟ್ಟು ಇರ್ತವೆ. ಕಾನ್ಸೆಂಟ್ರಿಕ್ (ಒಂದರೊಳಗೊಂದು ದುಂಡನೆ ಸುರುಳಿ ಇರೋ) ಕಾಯಿಲಲ್ಲಿ ಕ್ಷೇತ್ರ ಶಂಕುವಿನ ಆಕಾರದಲ್ಲಿ ಕೆಳಗೆ ಚೂಪಾಗ್ತಾ ಹೋಗುತ್ತೆ, ಡಬಲ್-ಡಿಯಲ್ಲಿ ಮಧ್ಯದ ಗೆರೆ ಉದ್ದಕ್ಕೂ ಮುಂದಿಂದ ಹಿಂದಕ್ಕೆ ಚಾಕು ಅಲಗಿನ ಥರ ಇರುತ್ತೆ, ಅದಕ್ಕೇ ಒಂದು ಬೀಸಿಗೆ ಜಾಸ್ತಿ ಜಾಗ ಕವರ್ ಆಗುತ್ತೆ, ಖನಿಜದ ಮಣ್ಣಲ್ಲೂ ಕಿರಿಕಿರಿ ಕಮ್ಮಿ.

ನನ್ನ ಮಷಿನ್ ಮೇಲೆ ಜಾಸ್ತಿ ಇರೋದು 6 ಇಂಚಿಂದೇ. ಹಳೇ ಮನೆ ಬಿದ್ದ ಜಾಗ, ಜನ ಸೇರೋ ಪಾರ್ಕು, ಮೊಳೆ, ಬಾಟಲ್ ಮುಚ್ಚಳ, ಫಾಯಿಲ್ ತುಂಬಿದ ನೆಲ, ಇಂಥ ಕಡೆ 11 ಇಂಚು ಒಂದೇ ಸಲ ಮೂರ್ನಾಲ್ಕು ವಸ್ತು ನೋಡಿ ಎಲ್ಲ ಸೇರಿಸಿ ಒಂದು ಕಲಸುಮೇಲೋಗರ ಸದ್ದು ಕೊಡುತ್ತೆ. 6 ಇಂಚು ಅದನ್ನೇ ಬಿಡಿಬಿಡಿಯಾಗಿ ಹೇಳುತ್ತೆ. ಆಳ ಕಮ್ಮಿ ನಿಜ, ಆದ್ರೆ ಕಸದ ಜಾಗದಲ್ಲಿ ದೊಡ್ಡ ಕಾಯಿಲ್‌ಗೆ ಮೊಳೆ ಪಕ್ಕ ಇರೋ ನಾಣ್ಯನೇ ಕೇಳ್ಸಲ್ಲ, ಅಲ್ಲಿ ಆಳ ಇಟ್ಕೊಂಡು ಏನ್ ಮಾಡೋದು. ಹೊಲದಂಥ ಖಾಲಿ ನೆಲಕ್ಕೆ ಮಷಿನ್ ಜೊತೆ ಬರೋ 11 ಸಾಕು. 15x12 ತೀರ ವಿಶಾಲವಾದ, ಕಸ ಇಲ್ದಿರೋ ಜಾಗಕ್ಕೆ ಮಾತ್ರ, ಅರ್ಧ ದಿನ ಬೀಸಿದ್ರೆ ಭುಜ ಹೇಳುತ್ತೆ ಎಷ್ಟು ಭಾರ ಅಂತ.

ಇನ್ನು ಸೆಟ್ಟಿಂಗ್. ಸೆನ್ಸಿಟಿವಿಟಿ (ಎಷ್ಟು ಸಣ್ಣ ಸಿಗ್ನಲ್ ಹಿಡೀಬೇಕು ಅನ್ನೋದು) 1ರಿಂದ 25ರ ತನಕ ಇದೆ, ಎಲ್ರೂ 25ಕ್ಕೆ ಏರ್ಸಿಬಿಡ್ತಾರೆ, ಮಷಿನ್ ಸುಮ್ನೆ ಗೊಣಗ್ತಾ ಇರುತ್ತೆ, ಆ ಗಲಾಟೆಲಿ ನಿಜವಾದ ಸಣ್ಣ ಸಿಗ್ನಲ್ ಮುಚ್ಚೋಗುತ್ತೆ. ಗಲಾಟೆ ನಿಲ್ಲೋ ತನಕ ಒಂದೊಂದೇ ಇಳಿಸಿ, 16 ಆದ್ರೆ 16. ಆದ್ರೆ ಅದಕ್ಕೂ ಮುಂಚೆ ಕಾಯಿಲ್ ಅಲ್ಲಾಡಿಸದೆ ನಾಯ್ಸ್ ಕ್ಯಾನ್ಸಲ್ (ಸುತ್ತಲಿನ ಕರೆಂಟ್ ಗಲಾಟೆ ತಪ್ಪಿಸೋದು) ಮಾಡ್ಬೇಕು, ಆಮೇಲೆ ಲೋಹ ಇಲ್ದಿರೋ ತುಂಡು ನೆಲ ಹುಡುಕಿ ಕಾಯಿಲ್ ಮೇಲೆ ಕೆಳಗೆ ಆಡಿಸ್ತಾ ಗ್ರೌಂಡ್ ಬ್ಯಾಲೆನ್ಸ್, ಅಂದ್ರೆ ಮಣ್ಣಿನ ಖನಿಜದ ಸದ್ದು ಕೇಳಿಸದ ಹಾಗೆ ಹೊಂದಿಸೋದು. ಕರೆಂಟ್ ಲೈನ್ ಹತ್ರ ಮಲ್ಟಿ ಫ್ರೀಕ್ವೆನ್ಸಿ (ಒಂದೇ ಸಲ ಹಲವು ಫ್ರೀಕ್ವೆನ್ಸಿ) ತೀರ ಚೀರಾಡಿದ್ರೆ ಸಿಂಗಲ್‌ಗೆ ಹಾಕಿ ನೋಡಿ: 5, 10, 15, 20, 40 ಕಿಲೋಹರ್ಟ್ಜ್ ಇವೆ. ಕೆಳಗಿನವು ಬೆಳ್ಳಿ, ತಾಮ್ರದಂಥ ಚೆನ್ನಾಗಿ ಕರೆಂಟ್ ಹರಿಯೋ ಲೋಹಕ್ಕೆ, ಮೇಲಿನವು ಚೂರುಪಾರು ಚಿನ್ನಕ್ಕೆ. ಸಮುದ್ರದ ಒದ್ದೆ ಮರಳಲ್ಲಿ ಮಾತ್ರ ಬೀಚ್ ಮೋಡ್, ಮಲ್ಟಿ ಬಿಟ್ಟು ಆಚೆ ಹೋಗ್ಬೇಡಿ.

ರಿಕವರಿ ಸ್ಪೀಡ್, ಅಂದ್ರೆ ಒಂದು ವಸ್ತು ಹಿಡಿದ ಮೇಲೆ ಮಷಿನ್ ಮುಂದಿನದಕ್ಕೆ ಎಷ್ಟು ಬೇಗ ರೆಡಿ ಆಗುತ್ತೆ ಅನ್ನೋದು, 800ರಲ್ಲಿ 1ರಿಂದ 8. ಏರಿಸಿದಷ್ಟೂ ಪಕ್ಕಪಕ್ಕದ ವಸ್ತು ಬೇರೆ ಬೇರೆಯಾಗಿ ಕೇಳುತ್ತೆ, ಆಳ ಸ್ವಲ್ಪ ಹೋಗುತ್ತೆ. ಕಸದಲ್ಲಿ 6 ಇಂಚಿನ ಜೊತೆ ನಾನು 6 ಇಲ್ಲ 7 ಇಡ್ತೀನಿ, ಖಾಲಿ ಹೊಲದಲ್ಲಿ 4. ಐರನ್ ಬಯಾಸ್ (ಅನುಮಾನದ ಸಿಗ್ನಲ್ ಕಬ್ಬಿಣ ಅಂತ ಎಣಿಸೋ ಸೆಟ್ಟಿಂಗ್) ಏರಿಸಿದ್ರೆ ಮೊಳೆಗಳ ಸುಳ್ಳು ಸದ್ದು ಕಮ್ಮಿ ಆಗುತ್ತೆ, ಆದ್ರೆ ಮೊಳೆ ಅಂಟಿಕೊಂಡಿರೋ ನಾಣ್ಯನೂ ಕಬ್ಬಿಣದ ಲೆಕ್ಕಕ್ಕೆ ಸೇರುತ್ತೆ, ನಂಗಿದು ಕೆಳಗಿದ್ರೇನೇ ಇಷ್ಟ, ಒಂದೆರಡು ಗುಂಡಿ ದಂಡ ಆದ್ರೂ ಪರ್ವಾಗಿಲ್ಲ.

ಟಾರ್ಗೆಟ್ ಐಡಿ, ಅಂದ್ರೆ ಕೆಳಗೆ ಯಾವ ಥರದ ಲೋಹ ಇರಬಹುದು ಅಂತ ಸ್ಕ್ರೀನ್ ತೋರ್ಸೋ ನಂಬರ್, -9ರಿಂದ 40ರ ತನಕ, ಮೈನಸ್ ಬಂದ್ರೆ ಕಬ್ಬಿಣ ಅಂತ. ದಯವಿಟ್ಟು ನಂಬರ್ ಒಂದನ್ನೇ ನಂಬ್ಬೇಡಿ. ದೊಡ್ಡ ಚಪ್ಪಟೆ ಕಬ್ಬಿಣ ಒಳ್ಳೇ ನಂಬರ್ ಕೊಡುತ್ತೆ, ಕ್ಯಾನಿನ ಪುಲ್ ಟ್ಯಾಬು, ಚಿನ್ನದ ಉಂಗುರ ಒಂದೇ ನಂಬರಲ್ಲಿ ಕೂತಿರ್ತವೆ, ಅಗೀದೆ ಹೇಳೋಕಾಗಲ್ಲ. 90 ಡಿಗ್ರಿ ತಿರುಗಿ ನಿಂತು ಇನ್ನೊಮ್ಮೆ ಬೀಸಿ, ಎರಡೂ ಕಡೆಯಿಂದ ನಂಬರ್ ನಿಂತ್ರೆ ಅಗೀರಿ, ಹಾರಾಡಿದ್ರೆ ಹಾರ್ಸ್‌ಶೂ (ಕುದುರೆ ಲಾಳದ ಗುರುತಿನ) ಬಟನ್ ಒತ್ತಿ, ಆಗ ಕಬ್ಬಿಣನೂ ಸೇರಿ ಎಲ್ಲ ಲೋಹ ಕೇಳುತ್ತೆ, ಕಬ್ಬಿಣದ ಸದ್ದು ಬರುತ್ತಾ ಕೇಳಿ.

ಕಾಯಿಲ್ ಕವರ್ ಬಗ್ಗೆ ಒಂದು ಮಾತು. ಬೇರೆ ಯಾವ್ದೋ ಕಂಪನಿ ಅಗ್ಗದ ಕವರ್ ಹಾಕಿದ್ದೆ, ಸರಿಯಾಗಿ ಕೂರ್ತಿರ್ಲಿಲ್ಲ, ಸಂದಿಗೆ ಮಣ್ಣು ಸೇರ್ಕೊಂಡು ಸುಳ್ಳು ಸಿಗ್ನಲ್ ಶುರು. ಯಾವ ಕವರ್ ಆದ್ರೂ ಆಗಾಗ ಬಿಚ್ಚಿ ತೊಳೀರಿ, ಕೇಬಲ್ಲೂ ಕೋಲಿಗೆ ಬಿಗಿಯಾಗಿ ಸುತ್ತಿ, ಸಡಿಲ ಇದ್ರೆ ಅದೂ ಸದ್ದು ಮಾಡ್ಸುತ್ತೆ.

ದುಡ್ಡು ಒಂದೇ ಎಕ್ಸ್‌ಟ್ರಾ ಕಾಯಿಲ್‌ಗೆ ಇದ್ರೆ 6 ಇಂಚೇ ತಗೊಳ್ಳಿ. 15x12 ಬೇಕು ಅನ್ಸಿದ್ರೆ ಯಾರದ್ದಾದ್ರೂ ಇಸ್ಕೊಂಡು ಒಂದು ಪೂರ್ತಿ ಬೆಳಗ್ಗೆ ಬೀಸಿ ನೋಡಿ ಆಮೇಲೆ ತಗೊಳ್ಳಿ.